ಕೂದಲು ಕೀಳುವ ಕೈಗೆ ಮಾತ್ರೆಗಿಂತ ಮೊದಲು ಪಾಠ ಬೇಕು

ನನ್ನ ತಲೆಗೂದಲನ್ನು ನಾನೇ ಕೀಳುತ್ತೇನೆ. ಆರನೇ ಕ್ಲಾಸಿನಲ್ಲಿ ಅಂಟಿದ ಚಾಳಿ ಇದು; ಈಗ ವಯಸ್ಸು ನಲವತ್ತು ದಾಟಿದೆ. ಆಂಧ್ರದ ಆದೋನಿಯಲ್ಲಿ ಮನೆ. ಕೌತಾಳಂ ಕಡೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳುತ್ತೇನೆ. ನೆತ್ತಿಯ ಎಡಗಡೆ ಅಂಗೈಯಗಲ ಜಾಗದಲ್ಲಿ ಬರೀ ಮೋಟುಗೂದಲು. ಉಳಿದ ಕೂದಲನ್ನು ಅದರ ಮೇಲೆ ಓರೆಯಾಗಿ ಬಾಚಿ, ಪಿನ್ನು ಚುಚ್ಚಿ, ಕನಕಾಂಬರ ಮುಡಿದು ಬಸ್ಸು ಹತ್ತುವುದು ನನಗೆ ಕರಗತವಾಗಿರುವ ವಿದ್ಯೆ. ಮರುಕ ಗಿಟ್ಟಿಸಲು ಇದನ್ನು ಬರೆಯುತ್ತಿಲ್ಲ. ಈ ಕಾಯಿಲೆಗೆ ಒಳ್ಳೆಯ ಚಿಕಿತ್ಸೆ ಇದೆ. ಅದಕ್ಕೆ ದೊಡ್ಡ ಯಂತ್ರ ಬೇಡ, ದುಬಾರಿ ಔಷಧ ಬೇಡ. ಎದುರು ಕೂತು ಕಲಿಸುವ ಒಬ್ಬರು ಬೇಕು. ಆ ಒಬ್ಬರನ್ನು ನಮ್ಮ ಪಶ್ಚಿಮ ಕರ್ನೂಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ, ನಾವಾಡುವ ಭಾಷೆಯಲ್ಲಿ ಕೊಡಿ ಎಂದು ಕೇಳಲು ಬರೆಯುತ್ತಿದ್ದೇನೆ.

ವೈದ್ಯರು ಇದನ್ನು ಟ್ರೈಕೋಟಿಲೋಮೇನಿಯಾ ಎನ್ನುತ್ತಾರೆ. 1889ರಲ್ಲಿ ಫ್ರಾನ್ಸಿನ ಚರ್ಮವೈದ್ಯ ಅಲೋಪೋ ಇಟ್ಟ ಹೆಸರು. ಬೇರೆ ಬೇರೆ ದೇಶಗಳ ಸಮೀಕ್ಷೆಗಳು ನೂರಕ್ಕೆ ಒಬ್ಬಿಬ್ಬರಲ್ಲಿ ಇದು ಇರುತ್ತದೆ ಎನ್ನುತ್ತವೆ. 2011ರ ಜನಗಣತಿಯಲ್ಲೇ ಆದೋನಿ ಪಟ್ಟಣದ ಜನಸಂಖ್ಯೆ ಒಂದೂವರೆ ಲಕ್ಷ ದಾಟಿತ್ತು. ಆ ಲೆಕ್ಕ ಇಲ್ಲಿಗೂ ಹೊಂದುವುದಾದರೆ ಊರಿನಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ನನ್ನಂಥವರಿದ್ದಾರೆ. ಒಬ್ಬರ ಪರಿಚಯವೂ ನನಗಿಲ್ಲ, ನನ್ನದೂ ಅವರಿಗಿಲ್ಲ. ಸಾಮಾನ್ಯವಾಗಿ ಶುರುವಾಗುವುದು ಹತ್ತರಿಂದ ಹದಿಮೂರರ ವಯಸ್ಸಿನಲ್ಲಿ. ಚಿಕಿತ್ಸೆಗೆ ಬರುವ ವಯಸ್ಕರಲ್ಲಿ ಹೆಂಗಸರೇ ಹೆಚ್ಚು. ಕೆಲವರು ಹುಬ್ಬು ಕೀಳುತ್ತಾರೆ, ಕೆಲವರು ಕಣ್ಣಿನ ರೆಪ್ಪೆ, ಗಂಡಸರಾದರೆ ಗಡ್ಡ. ಕಿತ್ತ ಕೂದಲನ್ನು ಕಚ್ಚಿ ನುಂಗುವವರೂ ಇದ್ದಾರೆ. ಕೂದಲು ಕರಗುವ ವಸ್ತುವಲ್ಲ. ಕೆಲವರ ಹೊಟ್ಟೆಯಲ್ಲಿ ಉಂಡೆಗಟ್ಟಿ ಕೊನೆಗೆ ಆಪರೇಷನ್ ಮಾಡಿ ತೆಗೆಯಬೇಕಾಗುತ್ತದೆ. ನಮ್ಮ ದೇಶದ ಸರ್ಜನ್ನರೇ ಇಂಥ ಪ್ರಕರಣಗಳನ್ನು ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ದಾಖಲಿಸಿದ್ದಾರೆ. ಹಾಗಾಗಿ ಇದನ್ನು ಬರೀ ಅಂದಚೆಂದದ ಚಿಂತೆ ಎಂದು ತಳ್ಳಿಹಾಕುವಂತಿಲ್ಲ.

ನಮ್ಮ ಕಡೆ ಹೆಣ್ಣಿನ ತಲೆಯಲ್ಲಿ ಬೋಳು ಮಚ್ಚೆ ಕಂಡರೆ ತೆಲುಗಿನವರು ಪೇನುಕೊರುಕುಡು ಅನ್ನುತ್ತಾರೆ, ಕನ್ನಡದವರು ಹುಳ ಹತ್ತೈತಿ ಅನ್ನುತ್ತಾರೆ. ಗುಲಗಂಜಿ ತೇದು ಹಚ್ಚು, ಉಳ್ಳಾಗಡ್ಡಿ ರಸ ತಿಕ್ಕು ಎಂಬ ಸಲಹೆ ಎರಡೂ ಭಾಷೆಯಲ್ಲಿ ಬರುತ್ತದೆ. ನಮ್ಮವ್ವ ಅದೆಲ್ಲ ಮಾಡಿದಳು. ಉರುಕುಂದಿ ಈರಣ್ಣ ಸ್ವಾಮಿಗೆ ಹರಕೆ ಹೊತ್ತು ಶ್ರಾವಣದಲ್ಲಿ ನನ್ನ ಮುಡಿ ಕೊಡಿಸಿದಳು. ಬೆರಳಿಗೆ ಸಿಗಲು ಕೂದಲೇ ಇಲ್ಲವಾದಾಗ ಚಾಳಿ ನಿಂತಿತು. ಚಿಮಟಿಗೆ ಸಿಗುವಷ್ಟು ಬೆಳೆದಾಗ ಕೈ ಮತ್ತೆ ಮೇಲೆ ಹೋಯಿತು. ಅದರಲ್ಲಿ ಹರಕೆಯ ತಪ್ಪೇನಿಲ್ಲ, ರೋಗ ಇದ್ದದ್ದು ಕೂದಲಿನಲ್ಲಲ್ಲ. ದೊಡ್ಡವಳಾದ ಮೇಲೆ ಚರ್ಮದ ಡಾಕ್ಟರು ಮುಲಾಮು ಕೊಟ್ಟರು, ನೆತ್ತಿಗೆ ಇಂಜೆಕ್ಷನ್ ಚುಚ್ಚಿದರು. "ನೀವೇ ಕೀಳ್ತೀರೇನಮ್ಮಾ?" ಎಂದು ಅವರು ಕೇಳಲಿಲ್ಲ. ನಾನಾಗಿ ಹೇಳುವ ಮಾತೇ ಇಲ್ಲ. 'ಬೋಳಿ' ಎಂಬುದು ಬೈಗುಳವಾಗಿರುವ ಊರಿನಲ್ಲಿ, ತಲೆಯನ್ನು ತಾನೇ ಬೋಳು ಮಾಡಿಕೊಂಡೆ ಎಂದು ಯಾವ ಹೆಂಗಸು ಬಾಯಿಬಿಟ್ಟಾಳು?

ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಪೇನುಕೊರುಕುಡು ಎಂದು ಕರೆಯುವ ಇನ್ನೊಂದು ಕಾಯಿಲೆಯಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಕೂದಲ ಬುಡದ ಮೇಲೆ ತಿರುಗಿಬಿದ್ದು, ಮಚ್ಚೆ ನುಣ್ಣಗೆ ಇರುತ್ತದೆ. ಕಿತ್ತ ಜಾಗದಲ್ಲಿ ಗಿಡ್ಡ, ಉದ್ದ, ಮುರಿದ ಕೂದಲೆಲ್ಲ ಬೆರೆತಿರುತ್ತವೆ. ಡರ್ಮೋಸ್ಕೋಪ್ ಎಂಬ ಕೈಹಿಡಿ ಭೂತಗನ್ನಡಿಯಲ್ಲಿ ಇನ್ನೂ ಸ್ಪಷ್ಟ. ಹಾಗೆ ನೋಡಿ, ಬಾಗಿಲು ಮುಂದೆಮಾಡಿ, ಗದರದೆ ಒಂದು ಪ್ರಶ್ನೆ ಕೇಳಿದ್ದರೆ ನನಗೆ ಇಪ್ಪತ್ತರ ಹರೆಯದಲ್ಲೇ ದಾರಿ ಸಿಗುತ್ತಿತ್ತು.

ದಾರಿ ಸಿಕ್ಕಿದ್ದು ತಡವಾಗಿ, ಆಲೂರು ದಾಟಿ ಬಳ್ಳಾರಿಗೆ ಹೋದಾಗ. ಅಲ್ಲಿ ಭೇಟಿಯಾದ ಮನಶ್ಶಾಸ್ತ್ರಜ್ಞೆ ಮಾತ್ರೆ ಬರೆದುಕೊಡುವವರಲ್ಲ. ಮೊದಲ ದಿನ ಕೇಳಿದ್ದು ಒಂದೇ: "ಕೀಳುವ ಮುಂಚೆ ಕೈ ಎಲ್ಲೆಲ್ಲಿ ಹೋಗ್ತದೆ, ತೋರಿಸ್ರಿ." ತೋರಿಸಲು ಹೋದರೆ ನನಗೇ ಗೊತ್ತಿಲ್ಲ. ಮೂವತ್ತು ವರ್ಷದ ಕೆಲಸ, ನಡೆಯುವ ಕ್ರಮವೇ ಗೊತ್ತಿಲ್ಲ!

ಅವರು ಕೊಟ್ಟ ಚಿಕಿತ್ಸೆಯ ಹೆಸರು ಹ್ಯಾಬಿಟ್ ರಿವರ್ಸಲ್ ಟ್ರೇನಿಂಗ್, ಅಂದರೆ ಚಾಳಿ ತಿರುವುವ ತರಬೇತಿ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ನೇಥನ್ ಏಜ್ರಿನ್ ಮತ್ತು ಆರ್.ಜಿ. ನನ್ 1973ರಲ್ಲಿ ಇದನ್ನು ಪ್ರಕಟಿಸಿದರು. ಈ ಕಾಯಿಲೆಯ ಚಿಕಿತ್ಸೆಗಳಲ್ಲಿ ಹೆಚ್ಚು ಆಧಾರ ಇರುವುದು ಇವತ್ತಿಗೂ ಇದಕ್ಕೇ. ಇದರಲ್ಲಿ ಮೂರು ಮುಖ್ಯ ಭಾಗ. ಮೊದಲನೆಯದು ಅರಿವು. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆಯಬೇಕು: ಯಾವ ಹೊತ್ತು, ಎಲ್ಲಿ ಕೂತಿದ್ದೆ, ಯಾವ ಕೈ, ಮನಸ್ಸು ಹೇಗಿತ್ತು, ಕಿತ್ತ ಕೂದಲನ್ನು ಏನು ಮಾಡಿದೆ. ನಾನು ಮಕ್ಕಳಿಗೆ ಕಾಪಿ ಬರೆಸುವವಳು, ಬರೆದೆ. ಹಾಳೆ ತುಂಬುತ್ತಾ ಹೋದಂತೆ ಗುಟ್ಟು ರಟ್ಟಾಯಿತು. ಉತ್ತರಪತ್ರಿಕೆ ತಿದ್ದುವಾಗ ಬಲಗೈಯಲ್ಲಿ ಕೆಂಪು ಪೆನ್ನು, ಎಡಗೈ ನೆತ್ತಿಯಲ್ಲಿ. ಟಿ.ವಿ. ಮುಂದೆ ಹಾಗೇ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಮೊಣಕೈ ಊರಲು ಜಾಗ ಸಿಕ್ಕಿ ಕೈ ತಾನೇ ಏಳುತ್ತದೆ. ಇವೆಲ್ಲ ಗೊತ್ತಿಲ್ಲದೆ ಕೀಳುವ ಹೊತ್ತು. ಇನ್ನೊಂದು ಬಗೆ, ಬಚ್ಚಲ ಕನ್ನಡಿ ಮುಂದೆ ನಿಂತು ಆರಿಸಿ ಕೀಳುವುದು: ಗಡಸು ಕೂದಲು ಬೇಕು, ಬುಡದಲ್ಲಿ ಬಿಳಿ ಬೇರು ಬರಬೇಕು, ಬಂದರೆ ಎದೆ ಹಗುರ. ಅದು ಮನೆಯಲ್ಲಿ ಜಗಳವಾದ ದಿನ, ಶಾಲೆಗೆ ತನಿಖೆ ಬಂದ ದಿನ. ಈ ಎರಡು ಬಗೆಗಳನ್ನು ವೈದ್ಯಶಾಸ್ತ್ರವೂ ಬೇರೆ ಬೇರೆ ಎಂದೇ ಗುರುತಿಸುತ್ತದೆ, ಮದ್ದೂ ಸ್ವಲ್ಪ ಬೇರೆ.

ಎರಡನೆಯ ಭಾಗ ಎದುರು ಕೆಲಸ. ಕೈ ಎದ್ದಿತು ಎಂದು ತಿಳಿದ ತಕ್ಷಣ, ಕೀಳುವುದರ ಜೊತೆಗೆ ಮಾಡಲಾಗದ ಇನ್ನೊಂದನ್ನು ಒಂದೆರಡು ನಿಮಿಷ ಮಾಡಬೇಕು. ನನ್ನದು ಮುಷ್ಟಿ ಬಿಗಿದು ತೊಡೆಯ ಮೇಲೆ ಒತ್ತುವುದು. ಶಾಲೆಯಲ್ಲಾದರೆ ಎಡಗೈಯಲ್ಲೂ ಸೀಮೆಸುಣ್ಣ ಹಿಡಿಯುತ್ತೇನೆ. ಮೂರನೆಯದು ಮನೆಯವರ ಬೆಂಬಲ. ನಮ್ಮ ಯಜಮಾನರು ಮೊದಲು "ಕೈ ತೆಗಿ!" ಎಂದು ಗದರುತ್ತಿದ್ದರು, ನಾನು ಎದ್ದು ಬಚ್ಚಲಿಗೆ ಹೋಗಿ ಕೀಳುತ್ತಿದ್ದೆ. ಅವರನ್ನೂ ಕೂರಿಸಿ ಆಕೆ ಹೇಳಿದ್ದು, ಗದರಬೇಡಿ, ಸನ್ನೆ ಮಾಡಿ. ಮುಷ್ಟಿ ಹಿಡಿದದ್ದು ಕಂಡರೆ ಒಂದು ಒಳ್ಳೆಯ ಮಾತಾಡಿ. ಈಗ ಅವರು ನೀರಿನ ಲೋಟ ತಂದು ನನ್ನ ಎಡಗೈಗೇ ಕೊಡುತ್ತಾರೆ.

ಇದರ ಸುತ್ತ ಇನ್ನೂ ಕೆಲವು ಏರ್ಪಾಡು. ಕೈ ಎಡವುವ ಜಾಗವನ್ನೇ ಬದಲಿಸುವುದು: ಬಸ್ಸಿನಲ್ಲಿ ನಡುದಾರಿಯ ಸೀಟು, ಬಚ್ಚಲ ಕನ್ನಡಿ ಹೊರಕ್ಕೆ, ತಿದ್ದುವಾಗ ಹೆಬ್ಬೆರಳಿಗೂ ತೋರುಬೆರಳಿಗೂ ಬ್ಯಾಂಡೇಜು ಪಟ್ಟಿ, ಸಂಜೆ ಕೂದಲಿಗೆ ಕೊಬ್ಬರಿ ಎಣ್ಣೆ, ಜಾರುವ ಕೂದಲು ಚಿಮಟಿಗೆ ನಿಲ್ಲದಂತೆ. ಚಾರ್ಲ್ಸ್ ಮ್ಯಾನ್ಸುಯೆಟೊ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಮತ್ತು ಸಂಗಡಿಗರು ರೂಪಿಸಿದ ವಿಧಾನ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬೆರಳಿಗೆ ಬೇಕಾದ ಸುಖ ಯಾವುದು ಎಂದು ಕೇಳುತ್ತದೆ. ನನ್ನ ಬೆರಳಿಗೆ ಬೇಕಾದದ್ದು ಬುಡದಿಂದ ಏನೋ ಕಿತ್ತು ಬರುವ ಜಗ್ಗು. ಆದೋನಿ ಹತ್ತಿ ಮಾರ್ಕೆಟ್ಟಿನ ಊರು. ಬೀಜ ಬಿಡಿಸದ ಅರಳೆ ಇಲ್ಲಿ ಯಾರ ಮನೆಗಾದರೂ ಬರುತ್ತದೆ. ಬೀಜದಿಂದ ಎಳೆಯನ್ನು ಚೂರುಚೂರೇ ಜಗ್ಗಿ ಬಿಡಿಸುವಾಗ ಬೆರಳಿಗೆ ಸಿಗುವುದು ಹೆಚ್ಚುಕಡಿಮೆ ಅದೇ ಜಗ್ಗು. ಟಿ.ವಿ. ನೋಡುತ್ತಾ ಅರಳೆ ಬಿಡಿಸುತ್ತೇನೆ, ದೀಪದ ಬತ್ತಿ ಹೊಸೆಯುತ್ತೇನೆ. ನೆಂಟರಿಷ್ಟರ ಮನೆಗಳಿಗೆಲ್ಲ ಈಗ ನಮ್ಮ ಮನೆಯದೇ ಬತ್ತಿ. ಯಾವ ಪುಸ್ತಕದಲ್ಲೂ ಇಲ್ಲದ ಈ ಉಪಾಯ ಹುಟ್ಟಿದ್ದು ಬಳ್ಳಾರಿಯ ಆ ಮನಶ್ಶಾಸ್ತ್ರಜ್ಞೆಗೆ ನನ್ನ ಭಾಷೆ ಗೊತ್ತಿದ್ದದ್ದರಿಂದ, ನಮ್ಮ ಸೀಮೆಯ ಮನೆಯೊಳಗೆ ಏನಿರುತ್ತದೆ ಎಂದು ಗೊತ್ತಿದ್ದದ್ದರಿಂದ.

ಕನ್ನಡಿ ಮುಂದೆ ನಿಂತು ಕೀಳುವ ಬಗೆಗೆ ಮುಷ್ಟಿ ಸಾಲದು. ಅಲ್ಲಿ ಕೆಲಸ ಮಾಡುವುದು ಸಂಕಟ. ಬಯಕೆ ಎದ್ದರೆ ಏಳಲಿ, ಅದರೊಡನೆ ಕಾದಾಡಬೇಡ, ಅದು ಹೇಳಿದಂತೆ ಕುಣಿಯಲೂ ಬೇಡ, ಏರಿದ್ದು ಇಳಿಯುವ ತನಕ ಇರು ಎಂದು ಕಲಿಸುವ ಸ್ವೀಕಾರ ಚಿಕಿತ್ಸೆಯನ್ನು ಚಾಳಿ ತಿರುವುವ ತರಬೇತಿಗೆ ಜೋಡಿಸಿ ಡಗ್ಲಸ್ ವುಡ್ಸ್ ತಂಡ 2006ರಲ್ಲಿ ವಯಸ್ಕರ ಮೇಲೆ ಪರೀಕ್ಷಿಸಿತು; ಬರೀ ಕಾದು ಕೂತವರಿಗಿಂತ ಚಿಕಿತ್ಸೆ ಪಡೆದವರಿಗೆ ಸ್ಪಷ್ಟವಾಗಿ ಗುಣ ಕಂಡಿತು. ನನಗೆ ಇದು ಕಷ್ಟದ ಪಾಠ. ಈಗಲೂ ಕೆಲವು ರಾತ್ರಿ ಸೋಲುತ್ತೇನೆ.

ಮಾತ್ರೆಯ ಮಾತೂ ಆಡಬೇಕು, ಏಕೆಂದರೆ ನಮ್ಮ ಕಡೆ ಮಾನಸಿಕ ಚಿಕಿತ್ಸೆ ಎಂದರೆ ಮಾತ್ರೆ ಎಂದೇ ಲೆಕ್ಕ. ಅಮೆರಿಕದ ಮನೋವೈದ್ಯ ಸಂಘ 2013ರ ತನ್ನ ಕೈಪಿಡಿಯಲ್ಲಿ ಈ ಕಾಯಿಲೆಯನ್ನು ಗೀಳು ರೋಗದ ಗುಂಪಿಗೆ ಸೇರಿಸಿತು. ಹಾಗೆಂದು ಗೀಳಿಗೆ ಕೊಡುವ ಮಾತ್ರೆ ಇದಕ್ಕೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ ಎಂದುಕೊಂಡರೆ ನಿರಾಸೆ. 2003ರಲ್ಲಿ ನೆದರ್ಲೆಂಡ್ಸ್‌ನ ಆಗ್ನೆಸ್ ಫಾನ್ ಮಿನ್ನೆನ್ ಮತ್ತು ಸಂಗಡಿಗರು 43 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ವರ್ತನಾ ಚಿಕಿತ್ಸೆ, ಒಂದಕ್ಕೆ ಫ್ಲುಆಕ್ಸೆಟಿನ್ ಮಾತ್ರೆ ಕೊಟ್ಟು, ಮತ್ತೊಂದನ್ನು ಕಾಯುವ ಪಟ್ಟಿಯಲ್ಲಿಟ್ಟರು. ಗೆದ್ದದ್ದು ವರ್ತನಾ ಚಿಕಿತ್ಸೆ, ಅದೂ ಆರೇ ಭೇಟಿಗಳಲ್ಲಿ. ಕ್ಲೋಮಿಪ್ರಮಿನ್ ಎಂಬ ಹಳೆಯ ಮಾತ್ರೆಗೆ 1989ರ ಪುಟ್ಟ ಅಧ್ಯಯನವೊಂದರ ಆಸರೆ ಇದೆ. ಎನ್-ಅಸಿಟೈಲ್ ಸಿಸ್ಟೀನ್ ಎಂಬುದು 2009ರಲ್ಲಿ 50 ವಯಸ್ಕರ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಗುಣ ತೋರಿಸಿತು, 2013ರಲ್ಲಿ ಮಕ್ಕಳ ಮೇಲೆ ನೋಡಿದಾಗ ಪ್ರಯೋಜನ ಕಾಣಲಿಲ್ಲ. ಜೊತೆಗೆ ಖಿನ್ನತೆಯೋ ಆತಂಕವೋ ಇದ್ದರೆ ಮಾತ್ರೆ ಬೇಕಾಗಬಹುದು, ಅದನ್ನು ಮನೋವೈದ್ಯರೇ ತೀರ್ಮಾನಿಸಲಿ. ಆದರೆ ಕೂದಲು ಕೀಳುವ ಕೈಗೆ ಮೊದಲ ಮದ್ದು ತರಬೇತಿ.

ಅದರ ಮಿತಿಯನ್ನೂ ಮುಚ್ಚಿಡುವುದಿಲ್ಲ. ಗುಣವಾದವರಲ್ಲಿ ಬಹಳ ಮಂದಿಗೆ ಕಾಯಿಲೆ ಮರುಕಳಿಸುತ್ತದೆ. ಡಚ್ ಅಧ್ಯಯನದ ರೋಗಿಗಳನ್ನೇ ಎರಡು ವರ್ಷದ ನಂತರ ನೋಡಿದಾಗ ಗಳಿಕೆಯ ದೊಡ್ಡ ಪಾಲು ಜಾರಿಹೋಗಿತ್ತು. ನನಗೂ ಮಾರ್ಚ್ ತಿಂಗಳ ಪರೀಕ್ಷೆಯ ಗದ್ದಲದಲ್ಲಿ ಹಾಗಾಯಿತು. ಹಾಗಾಗಿ ಒಂದು ಸಲ ಬಳ್ಳಾರಿಗೋ ಬೆಂಗಳೂರಿಗೋ ಹೋಗಿ ಬಂದರೆ ಸಾಲದು. ಜಾರಿದಾಗ ಮತ್ತೆ ಹೋಗಿ ಕೂರಲು ಹತ್ತಿರದಲ್ಲೊಂದು ಕುರ್ಚಿ ಬೇಕು. ಪಾಠ ಮಾಡುವವರಿಗೆ ಇದು ಗೊತ್ತು: ಪುನರಾವರ್ತನೆ ಇಲ್ಲದೆ ಮಗ್ಗಿ ನಿಲ್ಲುವುದಿಲ್ಲ.

ಇಲ್ಲಿಗೆ ನಮ್ಮ ಸೀಮೆಯ ಹಳೆಯ ಲೆಕ್ಕವೊಂದು ಬರುತ್ತದೆ. ಆದೋನಿ, ಆಲೂರು ತಾಲೂಕುಗಳು ಮದ್ರಾಸ್ ಸರ್ಕಾರದ ಕಾಲದಲ್ಲಿ ಬಳ್ಳಾರಿ ಜಿಲ್ಲೆಯವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ನಾವು ಆ ಕಡೆ ಹೋದೆವು, ಬಳ್ಳಾರಿ ಮೈಸೂರಿಗೆ ಸೇರಿತು. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಜಿಲ್ಲೆಯೊಂದರ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತೆಯರಿಗೂ ಮಾನಸಿಕ ಕಾಯಿಲೆ ಗುರುತಿಸಲು, ಮದ್ದು ಕೊಡಲು ಕಲಿಸುವ ಪ್ರಯೋಗಕ್ಕೆ ಆರಿಸಿಕೊಂಡದ್ದು ಇದೇ ಬಳ್ಳಾರಿಯನ್ನು. ಬಳ್ಳಾರಿ ಮಾದರಿ ಎಂದು ಹೆಸರಾದ ಅದರ ಆಧಾರದ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಗಡಿ ಇನ್ನಷ್ಟು ಪೂರ್ವಕ್ಕೆ ಬಿದ್ದಿದ್ದರೆ ನಮ್ಮ ಆಸ್ಪತ್ರೆಗಳೂ ಆ ಪ್ರಯೋಗದಲ್ಲಿರುತ್ತಿದ್ದವು. ಇದರಲ್ಲಿ ಯಾರ ಮೇಲೂ ಕೋಪವಿಲ್ಲ, ಗಡಿ ಮತ್ತೆ ಎಳೆಯಿರಿ ಎಂದೂ ನಾನು ಹೇಳುತ್ತಿಲ್ಲ. ಬಳ್ಳಾರಿ ಮಾದರಿಯಲ್ಲಿಯೂ ಗಮನವಿದ್ದದ್ದು ತೀವ್ರ ಮನೋರೋಗ, ಮೂರ್ಛೆರೋಗಗಳ ಮೇಲೆ. ಕೈಗೆ ಬಂದದ್ದು ಮುಖ್ಯವಾಗಿ ಮಾತ್ರೆ. ಆದರೆ ಅದು ಒಂದು ಮಾತನ್ನು ಸಾಧಿಸಿ ತೋರಿಸಿತು: ತಜ್ಞರು ತಾವೇ ಹಳ್ಳಿಹಳ್ಳಿಗೆ ಬರಬೇಕಿಲ್ಲ, ಅವರ ವಿದ್ಯೆಯ ಒಂದು ಭಾಗವನ್ನು ಹಳ್ಳಿಯ ಆಸ್ಪತ್ರೆಗೆ ಕಲಿಸಿಕೊಡಬಹುದು. ಮಾತ್ರೆ ಕೊಡುವುದನ್ನು ಕಲಿಸಬಹುದಾದರೆ, ನೋಟ್‌ಬುಕ್ ಬರೆಸುವುದನ್ನೂ ಮುಷ್ಟಿ ಹಿಡಿಸುವುದನ್ನೂ ಯಾಕೆ ಕಲಿಸಬಾರದು?

ಮಳೆ ಇಲ್ಲ, ಬೆಳೆ ಇಲ್ಲ, ಕೋಸಿಗಿ ಕಡೆಯವರು ಹಳ್ಳಿಗೆ ಹಳ್ಳಿಯೇ ಖಾಲಿ ಮಾಡಿ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ ಕಟ್ಟಡ ಕಟ್ಟಲು ಹೋಗುತ್ತಾರೆ. ಈ ಸೀಮೆಯಲ್ಲಿ ಕೂದಲಿನ ಚಿಂತೆ ಉಂಡವರ ಚಿಂತೆ ಎಂದು ನನ್ನ ಸಹೋದ್ಯೋಗಿಯೊಬ್ಬರು ಹೇಳಿದರು. ಮಾತಿನಲ್ಲಿ ತೂಕವಿದೆ. ಜ್ವರಕ್ಕೆ ಬೇಕಾದ ಹಣವನ್ನು ನನ್ನ ನೆತ್ತಿಗೆ ಕೊಡಿ ಎಂದು ನಾನೂ ಕೇಳುವವಳಲ್ಲ. ಆದರೆ ಬಡವರೂ ಕೀಳುತ್ತಾರೆ. ಕೂಲಿ ದುಡ್ಡಿನಲ್ಲಿ ಎಣ್ಣೆ, ಮುಲಾಮು, ಇಂಜೆಕ್ಷನ್, ಹರಕೆ ಎಂದು ಖರ್ಚು ಮಾಡುತ್ತಾರೆ, ಎಲ್ಲವೂ ಬೇರೆ ಕಾಯಿಲೆಯ ಮದ್ದು. ಸರಿಯಾದ ಮದ್ದಿಗೆ ಬೇಕಿರುವುದು ಒಂದು ನೋಟ್‌ಬುಕ್ಕು ಮತ್ತು ಕೆಲವು ಗಂಟೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಬೇರೆ ಬೇರೆ ಮಾನಸಿಕ ಕಾಯಿಲೆಯವರಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಗುವುದಿಲ್ಲ. ದೊಡ್ಡ ಕಾಯಿಲೆಗಳ ಕಥೆಯೇ ಇದು. ಅಷ್ಟೊಂದು ತಜ್ಞರನ್ನು ಎಲ್ಲಿಂದ ತರುವುದು ಎನ್ನುವವರಿಗೆ ನನ್ನ ಉತ್ತರ, ತಜ್ಞರನ್ನು ಕಾಯಬೇಡಿ. ಇದೇ ಪದ್ಧತಿಯನ್ನು ವಿಸ್ತರಿಸಿ, ಮೈಕೈ ತಾನಾಗಿ ಸೆಳೆಯುವ ಟುರೆಟ್ ಕಾಯಿಲೆಯವರಿಗೆ ಕೊಡುವ ಚಿಕಿತ್ಸೆಯನ್ನು ಹೊರದೇಶಗಳಲ್ಲಿ ಆಕ್ಯುಪೇಷನಲ್ ಥೆರಪಿಸ್ಟರು ಕೂಡ ಕಲಿತು ಕೊಡುತ್ತಿದ್ದಾರೆ. ಜರ್ಮನಿಯ ಸ್ಟೆಫೆನ್ ಮೊರಿಟ್ಸ್ ತಂಡ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೂದಲು ಕೀಳುವವರು, ಚರ್ಮ ಗೀರುವವರು, ಉಗುರು ಕಚ್ಚುವವರು 268 ಜನ. ಕೀಳುವ ಬದಲು ಬೆರಳ ತುದಿಯನ್ನು ಹಗುರವಾಗಿ ಸವರಿಕೊಳ್ಳುವ ಅಭ್ಯಾಸವನ್ನು ಒಂದು ಕಿರುಪುಸ್ತಿಕೆ, ಒಂದು ವಿಡಿಯೊದಿಂದ ಕಲಿತವರಲ್ಲಿ ಆರು ವಾರಕ್ಕೆ ಸುಮಾರು ಅರ್ಧದಷ್ಟು ಮಂದಿಗೆ ಸುಧಾರಣೆ ಕಂಡಿತು, ಕಾಯುವ ಗುಂಪಿನಲ್ಲಿ ಐವರಲ್ಲಿ ಒಬ್ಬರಿಗೆ.

ಹಾಗಾಗಿ ನನ್ನ ಬೇಡಿಕೆಗಳು ಹೀಗಿವೆ. ಆದೋನಿಯ ಏರಿಯಾ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ, ಕನ್ನಡವನ್ನೂ ತೆಲುಗನ್ನೂ ಆಡಬಲ್ಲ, ಈ ತರಬೇತಿ ಪಡೆದ ಒಬ್ಬರು ಬಾಗಿಲು ಮುಚ್ಚಿದ ಕೋಣೆಯಲ್ಲಿ ಸಿಗುವಂತಾಗಲಿ. ಮಾನಸಿಕ ಆರೋಗ್ಯ ಸೇವೆ ಸರ್ಕಾರದಿಂದ ಪಡೆಯುವುದು ಹಕ್ಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಸೆಕ್ಷನ್ ಹೇಳುತ್ತದೆ, ಅದು ಮನೆಗೆ ಎಟುಕುವಂತಿರಬೇಕು ಎಂದೂ ಹೇಳುತ್ತದೆ. ಕರ್ನೂಲು ಇಲ್ಲಿಂದ ಸುಮಾರು ನೂರು ಕಿಲೋಮೀಟರ್; ಬಳ್ಳಾರಿ ಅದಕ್ಕಿಂತ ಹತ್ತಿರ. ನಮ್ಮ ನರ್ಸುಗಳು ತರಬೇತಿಗೆ ಬಳ್ಳಾರಿಗೆ ಹೋಗಿ ಬರಲು ಎರಡು ಸರ್ಕಾರಗಳು ಒಂದು ಕಾಗದಕ್ಕೆ ಸಹಿ ಹಾಕಿದರೆ ಸಾಕು. ಆದೋನಿಗೆ ಮಂಜೂರಾದ ವೈದ್ಯಕೀಯ ಕಾಲೇಜು ಸರ್ಕಾರದ್ದಾಗಬೇಕೋ ಖಾಸಗಿ ಪಾಲಿನದ್ದೋ ಎಂದು ಜಗಳ ನಡೆದಿದೆ. ಯಾರದೇ ಆಗಲಿ, ಅದರ ಮನೋವೈದ್ಯ ವಿಭಾಗದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆ ಮೊದಲ ದಿನದಿಂದ ಇರಲಿ. ನಿಮ್ಹಾನ್ಸ್ ಒಂದು ಕನ್ನಡ ಕಿರುಪುಸ್ತಿಕೆಯನ್ನು ಗಡಿ ಜಿಲ್ಲೆಗಳಿಗೂ ಕಳಿಸಲಿ. ಚರ್ಮದ ವೈದ್ಯರು ಬೋಳು ಮಚ್ಚೆ ನೋಡಿದಾಗಲೆಲ್ಲ ಆ ಒಂದು ಪ್ರಶ್ನೆ ಕೇಳಲಿ.

ಓದುವವರಲ್ಲಿ ನನ್ನಂಥವರು ಇದ್ದರೆ, ಸರ್ಕಾರದ ದಾರಿ ಕಾಯಬೇಕಿಲ್ಲ. 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗಾದರೂ ಪುಕ್ಕಟೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ಬರೆದುಕೊಟ್ಟು ಕಳಿಸಿದರೆ, ಹ್ಯಾಬಿಟ್ ರಿವರ್ಸಲ್ ತರಬೇತಿ ಎಲ್ಲಿ ಸಿಗುತ್ತದೆ ಎಂದು ಹೆಸರು ಹಿಡಿದು ಕೇಳಿ. ಹೆಸರು ಹೇಳಿ ಕೇಳಿದ ಸೇವೆಗೇ ಬೇಡಿಕೆಯ ಲೆಕ್ಕ ಬೀಳುವುದು. ಮನೆಯಲ್ಲಿ ಮಗಳೋ ಸೊಸೆಯೋ ತಲೆಗೆ ಕೈ ಹಾಕಿದರೆ ಗದರುವವರಿಗೆ ನನ್ನದೊಂದು ಮಾತು: ಬೈದದ್ದರಿಂದ ನನ್ನ ಒಂದು ಕೂದಲೂ ಉಳಿಯಲಿಲ್ಲ, ಕೀಳುವ ಜಾಗ ಮಾತ್ರ ಬದಲಾಯಿತು.